ತುರ್ತುಕಾಲಕ್ಕೆ ಆಂಟಿಬಯೋಟಿಕ್ ದಾಸ್ತಾನು: ಸಂಗ್ರಹ, ವಿತರಣೆ ಮತ್ತು ಹೊಣೆ

1. ವಿಷಯದ ವ್ಯಾಪ್ತಿ

ಬ್ಯಾಕ್ಟೀರಿಯಾ ಎಂಬ ಏಕಕೋಶ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಗಳನ್ನು ಆಂಟಿಬಯೋಟಿಕ್ ಅಥವಾ ಪ್ರತಿಜೈವಿಕ ಔಷಧಗಳೆಂದು ಕರೆಯಲಾಗುತ್ತದೆ. 1940ರ ದಶಕದಲ್ಲಿ ಪೆನಿಸಿಲಿನ್ ವ್ಯಾಪಕ ಬಳಕೆಗೆ ಬಂದ ಮೇಲೆ ನ್ಯುಮೋನಿಯಾ, ಬಾಣಂತಿ ನಂಜು, ಗಾಯದ ನಂಜುಗಳಂತಹ ಮಾರಕ ಕಾಯಿಲೆಗಳು ದಿನನಿತ್ಯದ ಚಿಕಿತ್ಸೆಗೆ ಮಣಿಯತೊಡಗಿದವು; ಅದರ ಜೊತೆಗೇ, ಯುದ್ಧ, ನೆರೆ, ಸಾಂಕ್ರಾಮಿಕ ಅಥವಾ ಜೈವಿಕ ದಾಳಿಯ ಹೊತ್ತಿನಲ್ಲಿ ಈ ಔಷಧ ಕೈಗೆ ಸಿಗದಿದ್ದರೆ ಗತಿಯೇನು ಎಂಬ ಹೊಸ ಆತಂಕವೂ ಹುಟ್ಟಿಕೊಂಡಿತು. ಆ ಆತಂಕಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯಿಂದ ಎರಡು ಬಗೆಯ ಉತ್ತರಗಳು ಕಾಣಿಸಿಕೊಂಡಿವೆ. ಸರ್ಕಾರವೇ ಔಷಧವನ್ನು ಸಂಗ್ರಹಿಸಿಟ್ಟು ಬೇಕಾದಾಗ ಹಂಚುವುದು ಒಂದು. ಪ್ರತಿಯೊಂದು ಕುಟುಂಬವೂ ತನ್ನ ಪಾಲಿನದನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಇನ್ನೊಂದು. ಈ ಎರಡರ ನಡುವಣ ವ್ಯತ್ಯಾಸ ಕೇವಲ ಗಾತ್ರದ್ದಲ್ಲ, ಸ್ವರೂಪದ್ದು ಎಂಬುದನ್ನು ಇತಿಹಾಸದ ಕೆಲವು ಖಚಿತ ಪ್ರಸಂಗಗಳ ಮೂಲಕ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಉತ್ತರ ಕರ್ನಾಟಕದ ಮನೆಗಳಲ್ಲಿ ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಡುವ ಪದ್ಧತಿಯೊಂದಿಗೆ ಔಷಧದ ದಾಸ್ತಾನನ್ನು ಹೋಲಿಸುವುದು ಸಹಜವೆನಿಸಬಹುದು. ಆದರೆ ಒಂದು ಮನೆಯವರು ತಮ್ಮ ಹಗೇವಿನ ಜೋಳವನ್ನು ಹೇಗೆ ಬಳಸಿದರೂ ಪಕ್ಕದ ಮನೆಯ ಜೋಳದ ಕಸುವು ಕುಗ್ಗುವುದಿಲ್ಲ. ಆಂಟಿಬಯೋಟಿಕ್ ವಿಷಯದಲ್ಲಿ ಹಾಗಲ್ಲ. ಒಬ್ಬರು ಅನಗತ್ಯವಾಗಿ ಅಥವಾ ಅರೆಬರೆಯಾಗಿ ಸೇವಿಸಿದಾಗ ಬದುಕುಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ಗುಣವನ್ನು ಪಡೆದು ಇತರರಿಗೂ ಹರಡುತ್ತವೆ. ಇದನ್ನೇ ಔಷಧ ಪ್ರತಿರೋಧ ಎನ್ನುವುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್‌ನಲ್ಲಿ ನೀಡಿದ ನೊಬೆಲ್ ಉಪನ್ಯಾಸದಲ್ಲೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ತೆಗೆದುಕೊಳ್ಳುವುದರಿಂದ ಸೂಕ್ಷ್ಮಜೀವಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ಆದ್ದರಿಂದ ಆಂಟಿಬಯೋಟಿಕ್‌ನ ದಾಸ್ತಾನಿನಲ್ಲಿ ಮಾತ್ರೆಗಳ ಸಂಖ್ಯೆಗಿಂತ, ಅವುಗಳನ್ನು ಯಾರಿಗೆ, ಯಾವಾಗ, ಎಷ್ಟು ದಿನ ಕೊಡಬೇಕೆಂದು ನಿರ್ಧರಿಸುವ ವ್ಯವಸ್ಥೆಯೇ ಮುಖ್ಯ ಎಂಬುದು ಇಲ್ಲಿ ಮಂಡಿಸುವ ವಾದ.

2. ಸೂರತ್, 1994

ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಪ್ಲೇಗಿಗೆ ಜನ ಕಂಡುಕೊಂಡಿದ್ದ ಮುಖ್ಯ ಉಪಾಯವೆಂದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುವುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಕಿಕ್ಕಿರಿದ ಪೇಟೆಯಿಂದ ಹೊರಗೆ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಬೆಳೆದದ್ದೂ, ಊರೂರಿಗೆ ಪ್ಲೇಗಿನಮ್ಮನ ಗುಡಿಗಳು ಎದ್ದದ್ದೂ ಇದೇ ಹಿನ್ನೆಲೆಯಲ್ಲಿ. 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಭಾಗದಲ್ಲಿ ವರದಿಯಾದ ಪ್ರಕರಣದ ನಂತರ ದೇಶದಲ್ಲಿ ಈ ರೋಗ ದಶಕಗಳ ಕಾಲ ಕಾಣಿಸಿಕೊಳ್ಳಲಿಲ್ಲವಾದ ಕಾರಣ ಅದರ ನೆನಪೂ, ಅದನ್ನು ಎದುರಿಸುವ ಸಿದ್ಧತೆಯೂ ಮಸುಕಾಗಿದ್ದವು.

1994ರಲ್ಲಿ ಮೊದಲು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗ್, ಸೆಪ್ಟೆಂಬರ್‌ನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಶ್ವಾಸಕೋಶದ ಪ್ಲೇಗ್ ವರದಿಯಾದಾಗ ಹಳೆಯ ಉಪಾಯವೂ ಹೊಸ ಉಪಾಯವೂ ಒಟ್ಟಿಗೆ ಬಳಕೆಗೆ ಬಂದವು. ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ನಗರ ತೊರೆದರು. ಉಳಿದವರು ಔಷಧ ಅಂಗಡಿಗಳಿಗೆ ಮುಗಿಬಿದ್ದರು. ಪ್ಲೇಗ್ ಬ್ಯಾಕ್ಟೀರಿಯಾ ಟೆಟ್ರಾಸೈಕ್ಲಿನ್ ಎಂಬ ಅಗ್ಗದ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬ ಸುದ್ದಿ ಹರಡಿದ್ದೇ ತಡ, ಸೂರತ್‌ನಲ್ಲಿ ಮಾತ್ರವಲ್ಲದೆ ರೋಗವೇ ಇಲ್ಲದ ದೂರದ ಮಹಾನಗರಗಳಲ್ಲೂ ಅದರ ಖರೀದಿ ಭರಾಟೆಯಿಂದ ನಡೆಯಿತು. ಶ್ವಾಸಕೋಶದ ಪ್ಲೇಗಿನಲ್ಲಿ ಲಕ್ಷಣ ಕಾಣಿಸಿಕೊಂಡ ಮೊದಲ ದಿನದೊಳಗೆ ಚಿಕಿತ್ಸೆ ಆರಂಭವಾಗದಿದ್ದರೆ ರೋಗಿ ಬದುಕುವ ಸಾಧ್ಯತೆ ಬಹಳ ಕಡಿಮೆ. ಹಾಗಿರುವಾಗ, ಔಷಧ ತುರ್ತಾಗಿ ಬೇಕಾಗಿದ್ದದ್ದು ರೋಗಿಗಳಿಗೆ ಮತ್ತು ಅವರ ಹತ್ತಿರದ ಸಂಪರ್ಕಕ್ಕೆ ಬಂದವರಿಗೆ. ರೋಗಿಯ ಸಂಪರ್ಕಕ್ಕೆ ಬಂದವರು ಒಂದು ವಾರದ ಕಾಲ ಔಷಧ ಸೇವಿಸಬೇಕು, ಸಂಪರ್ಕವೇ ಇಲ್ಲದವರು ಸೇವಿಸುವ ಅಗತ್ಯವಿಲ್ಲ ಎಂಬ ವೈದ್ಯಕೀಯ ನಿಯಮಕ್ಕೂ, ಯಾರ ಕೈಯಲ್ಲಿ ಹಣವಿತ್ತೋ, ಯಾರು ಅಂಗಡಿಗೆ ಮೊದಲು ತಲುಪಿದರೋ ಅವರಿಗೆ ಎಂಬ ಪೇಟೆಯ ನಿಯಮಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆದರೆ ಈ ಪ್ರಸಂಗದಲ್ಲಿ ಜನರನ್ನಷ್ಟೇ ದೂರುವುದು ನ್ಯಾಯವಲ್ಲ. ಖಾಸಗಿ ವೈದ್ಯರಲ್ಲಿ ಅನೇಕರು ತಾವೇ ಊರು ಬಿಟ್ಟಿದ್ದರು. ಅಧಿಕೃತ ಮಾಹಿತಿ ಗೊಂದಲಮಯವಾಗಿತ್ತು. ತನಗೆ ಔಷಧ ಬೇಕಾದಾಗ ಯಾರೋ ತಂದುಕೊಡುತ್ತಾರೆ ಎಂಬ ನಂಬಿಕೆ ಇಲ್ಲದಿರುವಾಗ ಸಿಕ್ಕಷ್ಟನ್ನು ಕೊಂಡಿಟ್ಟುಕೊಳ್ಳುವುದು ವ್ಯಕ್ತಿಯ ದೃಷ್ಟಿಯಿಂದ ವಿವೇಕದ ನಡೆಯೇ ಆಗಿ ಕಾಣುತ್ತದೆ. ಎಲ್ಲರೂ ಹಾಗೆ ವಿವೇಕಿಗಳಾದಾಗ ಒಟ್ಟು ಸಮಾಜಕ್ಕೆ ಅಭಾವ ಒದಗುತ್ತದೆ ಎಂಬುದೇ ಸೂರತ್‌ನ ಪಾಠ.

3. ರಾಷ್ಟ್ರೀಯ ದಾಸ್ತಾನಿನ ಕಲ್ಪನೆ

ಸರ್ಕಾರಿ ದಾಸ್ತಾನಿನ ಅತ್ಯಂತ ವಿಸ್ತಾರವಾದ ಪ್ರಯೋಗ ನಡೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಔಷಧ ದಾಸ್ತಾನು ಸ್ಥಾಪನೆಯಾಯಿತು. 2003ರಲ್ಲಿ ಅದಕ್ಕೆ ಕಾರ್ಯತಂತ್ರದ ರಾಷ್ಟ್ರೀಯ ದಾಸ್ತಾನು ಎಂದು ಮರುನಾಮಕರಣವಾಯಿತು. ಆದೇಶ ಬಂದ 12 ಗಂಟೆಗಳೊಳಗೆ ದೇಶದ ಯಾವ ಮೂಲೆಗಾದರೂ ತಲುಪಬಲ್ಲ, ಆಂಟಿಬಯೋಟಿಕ್ ಮತ್ತು ವೈದ್ಯಕೀಯ ಸಲಕರಣೆಗಳನ್ನು ಒಳಗೊಂಡ, ತಲಾ ಸುಮಾರು 50 ಟನ್ ತೂಕದ ಸಿದ್ಧ ಸಂಚಯಗಳನ್ನು ಗುಪ್ತ ಸ್ಥಳಗಳಲ್ಲಿ ಇರಿಸುವುದು ಅದರ ಮೂಲ ಯೋಜನೆಯಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ದಿನವೇ ಅಂತಹ ಒಂದು ಸಂಚಯ ನ್ಯೂಯಾರ್ಕಿಗೆ ತಲುಪಿತು.

ನಿಜವಾದ ಪರೀಕ್ಷೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಆಂಥ್ರಾಕ್ಸ್ ರೋಗಾಣುವಿನ ಪುಡಿಯನ್ನು ಅಂಚೆಯ ಲಕೋಟೆಗಳಲ್ಲಿ ಕಳುಹಿಸಿದಾಗ. ಆಂಥ್ರಾಕ್ಸ್ ಮೂಲತಃ ದನ, ಕುರಿಗಳಿಗೆ ತಗಲುವ ಬ್ಯಾಕ್ಟೀರಿಯಾ ರೋಗ; ಪ್ರತಿಕೂಲ ಪರಿಸರದಲ್ಲಿ ಈ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ವರ್ಷಗಟ್ಟಲೆ ಉಳಿಯಬಲ್ಲದು. ಆ ದಾಳಿಯಲ್ಲಿ 22 ಜನರಿಗೆ ಸೋಂಕು ತಗಲಿತು, 5 ಜನ ಸತ್ತರು. ಅಂಚೆ ಕಚೇರಿಗಳಲ್ಲಿ ದುಡಿಯುತ್ತಿದ್ದವರನ್ನೂ ಒಳಗೊಂಡು ಸುಮಾರು 10,000 ಮಂದಿಗೆ ಮುಂಜಾಗ್ರತೆಯ ಔಷಧ ಸೇವನೆಯನ್ನು, ಅಂದರೆ ರೋಗ ಬರುವ ಮೊದಲೇ ಅದನ್ನು ತಡೆಯಲು ಔಷಧ ತೆಗೆದುಕೊಳ್ಳುವುದನ್ನು, ಸೂಚಿಸಲಾಯಿತು.

ಈ ಸೇವನೆಯ ಅವಧಿ 60 ದಿನ. ಉಸಿರಿನೊಂದಿಗೆ ಒಳಹೋದ ಬೀಜಾಣುಗಳು ಶ್ವಾಸಕೋಶದಲ್ಲಿ ವಾರಗಟ್ಟಲೆ ಸುಪ್ತವಾಗಿದ್ದು ಆಮೇಲೆ ಮೊಳೆಯಬಲ್ಲವು ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಲೂ, 1979ರಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್ಸ್ಕ್ ನಗರದ ಸೇನಾ ಪ್ರಯೋಗಾಲಯದಿಂದ ಆಂಥ್ರಾಕ್ಸ್ ಸೋರಿದ ಪ್ರಕರಣದಿಂದಲೂ ತಿಳಿದಿತ್ತು. ಆಂಟಿಬಯೋಟಿಕ್ ಸುಪ್ತ ಬೀಜಾಣುವನ್ನು ಕೊಲ್ಲಲಾರದು, ಮೊಳೆತ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದಲೇ ಅಷ್ಟು ದೀರ್ಘ ಅವಧಿ. ಸಿಪ್ರೊಫ್ಲಾಕ್ಸಾಸಿನ್ ಆಗಲಿ ಡಾಕ್ಸಿಸೈಕ್ಲಿನ್ ಆಗಲಿ ದಿನಕ್ಕೆ ಎರಡರಂತೆ ಒಬ್ಬ ವ್ಯಕ್ತಿಗೆ 120 ಮಾತ್ರೆಗಳು ಬೇಕಾಗುತ್ತವೆ. ನಾಲ್ಕು ಜನರ ಕುಟುಂಬಕ್ಕೆ ಇದು 480 ಮಾತ್ರೆ ಎಂದಾಗ, ಮನೆಯ ಕಪಾಟಿನಲ್ಲಿಟ್ಟ ಒಂದೆರಡು ಸ್ಟ್ರಿಪ್ ಮಾತ್ರೆಗಳಿಂದ ಸಿಗುವ ಧೈರ್ಯ ಎಷ್ಟು ಟೊಳ್ಳೆಂಬುದು ಸ್ಪಷ್ಟವಾಗುತ್ತದೆ.

ಔಷಧ ದೊರೆತವರೆಲ್ಲ ಅದನ್ನು ಪೂರ್ತಿ ಸೇವಿಸಿದರೆಂದೂ ಹೇಳುವಂತಿಲ್ಲ. ನಂತರ ನಡೆದ ಸಮೀಕ್ಷೆಯ ಪ್ರಕಾರ 60 ದಿನವೂ ನಿಯಮಪ್ರಕಾರ ಸೇವಿಸಿದವರು ಶೇ. 44 ಮಾತ್ರ, ಅರ್ಧಕ್ಕಿಂತ ಹೆಚ್ಚು ಜನರಿಗೆ ಹೊಟ್ಟೆ ತೊಳಸುವಿಕೆ, ಭೇದಿ, ತಲೆನೋವು ಮುಂತಾದ ಅಡ್ಡಪರಿಣಾಮಗಳು ಕಾಣಿಸಿಕೊಂಡಿದ್ದವು. ಸರ್ಕಾರವೇ ಔಷಧ ಕೊಟ್ಟು, ವೈದ್ಯರು ಬೆನ್ನಿಗೆ ನಿಂತಾಗಲೂ ಫಲಿತಾಂಶ ಹೀಗಿದ್ದರೆ, ಯಾರ ಮೇಲ್ವಿಚಾರಣೆಯೂ ಇಲ್ಲದ ಮನೆಬಳಕೆಯಲ್ಲಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಬೆಲೆಯ ಪ್ರಶ್ನೆಯೂ ಇದೇ ಸಂದರ್ಭದಲ್ಲಿ ಮುನ್ನೆಲೆಗೆ ಬಂದಿತು. ಸಿಪ್ರೊಫ್ಲಾಕ್ಸಾಸಿನ್‌ನ ಪೇಟೆಂಟ್ ಹೊಂದಿದ್ದ ಬೇಯರ್ ಕಂಪನಿಯೊಂದಿಗೆ ಚೌಕಾಸಿ ನಡೆಸಿ ಅಮೆರಿಕ ಸರ್ಕಾರ 10 ಕೋಟಿ ಮಾತ್ರೆಗಳನ್ನು ತಲಾ 95 ಸೆಂಟ್ ದರದಲ್ಲಿ ಕೊಂಡಿತು. ಅದಕ್ಕೆ ಮೊದಲು ಸರ್ಕಾರ ಕೊಡುತ್ತಿದ್ದ ದರ 1.77 ಡಾಲರ್. ಅದೇ ಔಷಧ ಭಾರತದಲ್ಲಿ ಅನೇಕ ಕಂಪನಿಗಳಿಂದ ಬಹಳ ಕಡಿಮೆ ಬೆಲೆಗೆ ತಯಾರಾಗುತ್ತಿತ್ತು. 1970ರ ಭಾರತೀಯ ಪೇಟೆಂಟ್ ಕಾಯ್ದೆ ಔಷಧವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಕಾ ವಿಧಾನಕ್ಕೆ ಮಾತ್ರ ಕೊಟ್ಟದ್ದು ಇದಕ್ಕೆ ಕಾರಣ. ಬೇಕಾದಾಗ ತಯಾರಿಸಬಲ್ಲ ಸಾಮರ್ಥ್ಯವೂ ದಾಸ್ತಾನಿನ ಒಂದು ಭಾಗವೇ ಎಂಬ ಮಾತನ್ನು ಮುಂದೆ ವಿಚಾರಿಸಲಾಗುವುದು.

4. ಮನೆಯಲ್ಲಿ ಇಡಬಹುದೇ?

ಗೋದಾಮಿನಲ್ಲಿರುವ ಔಷಧ ಮಹಾನಗರದ ಕೊನೆಯ ಮನೆಗೆ ತಲುಪುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ 2004ರಲ್ಲಿ ಅಮೆರಿಕದ ನಗರಗಳಿಗೆ ಒಂದು ಗುರಿಯನ್ನು ಹಾಕಿಕೊಡಲಾಯಿತು: ದಾಳಿಯ ನಂತರ 48 ಗಂಟೆಗಳೊಳಗೆ ಇಡೀ ಜನಸಂಖ್ಯೆಗೆ ಆಂಟಿಬಯೋಟಿಕ್ ಮುಟ್ಟಬೇಕು. ಈ ಗುರಿ ಕಠಿಣವೆಂದು ಕಂಡಾಗ, ಮೊದಲೇ ಮನೆಮನೆಗೆ ಕೊಟ್ಟಿಡುವುದು ಸಾಧ್ಯವೇ ಎಂಬ ಪರಿಶೀಲನೆ ನಡೆಯಿತು. 2006ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ ಸುಮಾರು 4,000 ಕುಟುಂಬಗಳಿಗೆ ಮೊಹರು ಮಾಡಿದ ಔಷಧ ಪೊಟ್ಟಣಗಳನ್ನು ಕೊಟ್ಟು, ಸೂಚನೆ ಬಂದರೆ ಮಾತ್ರ ತೆರೆಯಬೇಕೆಂದು ತಿಳಿಸಿ, ಕೆಲವು ತಿಂಗಳ ನಂತರ ಮರಳಿ ಕೇಳಲಾಯಿತು. ಶೇ. 97ರಷ್ಟು ಕುಟುಂಬಗಳು ಅವನ್ನು ಹಿಂದಿರುಗಿಸಿದವು. ಮನೆಗಳಲ್ಲಿ ಇಟ್ಟರೂ ದುರ್ಬಳಕೆಯಾಗದು ಎಂಬ ವಾದಕ್ಕೆ ಇದು ಬಲ ನೀಡಿತು.

ಆದರೆ 2011ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ತಜ್ಞ ಸಮಿತಿ ಇಡೀ ವಿಷಯವನ್ನು ತೂಗಿ ನೋಡಿ, ಸಾರ್ವಜನಿಕರಿಗೆಲ್ಲ ಮನೆ ದಾಸ್ತಾನನ್ನು ಹಂಚುವುದು ಸಲ್ಲದೆಂಬ ನಿರ್ಣಯಕ್ಕೆ ಬಂದಿತು. ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಪೊಟ್ಟಣವನ್ನು ಮರಳಿಸಬೇಕೆಂಬ ಅರಿವಿರುತ್ತದೆ, ಕಣ್ಗಾವಲಿರುತ್ತದೆ; ವರ್ಷಗಟ್ಟಲೆ ಮನೆಯಲ್ಲೇ ಉಳಿದ ಔಷಧಕ್ಕೆ ಅದಿರುವುದಿಲ್ಲ. ಹೀಗೆ ಹಂಚುವ ಖರ್ಚು ಅಪಾರ. ಅವಧಿ ಮುಗಿದಾಗ ಬದಲಿಸುವ ಹೊಣೆ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಡುಗಡೆಯಾದ ರೋಗಾಣು ಆ ನಿರ್ದಿಷ್ಟ ಔಷಧಕ್ಕೆ ಪ್ರತಿರೋಧ ಹೊಂದಿದ್ದರೆ ಪ್ರತಿ ಮನೆಯಲ್ಲೂ ಇರುವುದು ನಿರುಪಯುಕ್ತ ವಸ್ತು. ಗೋದಾಮಿನಲ್ಲಾದರೆ ಹಲವು ಔಷಧಗಳಿದ್ದು, ಪ್ರಯೋಗಾಲಯದ ವರದಿ ನೋಡಿ ಸರಿಯಾದದ್ದನ್ನು ಆರಿಸಬಹುದು. ಈ ಭಯ ಕಾಲ್ಪನಿಕವೂ ಅಲ್ಲ: 1995ರಲ್ಲಿ ಮಡಗಾಸ್ಕರ್‌ನ ರೋಗಿಯೊಬ್ಬರಲ್ಲಿ ಹಲವು ಔಷಧಗಳಿಗೆ ಒಟ್ಟಿಗೆ ಬಗ್ಗದ ಪ್ಲೇಗ್ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು.

ಆದರೂ ಒಂದು ವಿನಾಯಿತಿಗೆ ಸಮಿತಿ ಅವಕಾಶವಿರಿಸಿತು. ದಾಳಿಯ ಹೊತ್ತಿನಲ್ಲಿ ಇತರರ ರಕ್ಷಣೆಗೆ ಹೋಗಬೇಕಾದವರಂತಹ ಕೆಲವು ಸೀಮಿತ ಗುಂಪುಗಳಿಗೆ ಮೊದಲೇ ಔಷಧ ಕೊಟ್ಟಿಡುವುದು ಪರಿಶೀಲನಾರ್ಹ ಎಂಬುದು ಅದು. ಮಿನಿಯಾಪೊಲಿಸ್ ಪ್ರದೇಶದ ಯೋಜನೆಯಲ್ಲಿ ಔಷಧವನ್ನು ಮನೆಮನೆಗೆ ಮುಟ್ಟಿಸಲು ಒಪ್ಪಿದ ಅಂಚೆಯಣ್ಣಂದಿರಿಗೆ ಡಾಕ್ಸಿಸೈಕ್ಲಿನ್ ಪೊಟ್ಟಣಗಳನ್ನು ಮೊದಲೇ ಕೊಡುವ ಏರ್ಪಾಡು ಇದೇ ತತ್ತ್ವದ ಮೇಲೆ ನಿಂತಿತ್ತು. ವೈದ್ಯರ ನೆರವು ದಿನಗಟ್ಟಲೆ ಸಿಗದ ಹಿಮಪರ್ವತಕ್ಕೋ ಸಮುದ್ರಯಾನಕ್ಕೋ ಹೊರಟವರಿಗೆ ವೈದ್ಯರು ಪರೀಕ್ಷಿಸಿ, ಬರವಣಿಗೆಯ ಸೂಚನೆಯೊಂದಿಗೆ ಔಷಧ ಕೊಡುವುದೂ ಇಂಥದ್ದೇ ವಿನಾಯಿತಿ.

5. ಕಾಲ ಮತ್ತು ಹವೆ

ದಾಸ್ತಾನಿಗೆ ಕಾಲವೇ ದೊಡ್ಡ ಶತ್ರು. ಔಷಧದ ಮೇಲೆ ಮುದ್ರಿಸಿದ ಅವಧಿ, ಸೂಚಿತ ಉಷ್ಣತೆ ಮತ್ತು ತೇವಾಂಶದಲ್ಲಿ ಇಟ್ಟರೆ ಅಷ್ಟು ಕಾಲ ಅದರ ಸತ್ತ್ವ ಉಳಿಯುತ್ತದೆ ಎಂದು ತಯಾರಕರು ಕೊಡುವ ಖಾತರಿಯೇ ಹೊರತು, ಆ ದಿನ ದಾಟಿದೊಡನೆ ಅದು ವಿಷವಾಗುತ್ತದೆ ಎಂಬ ಸೂಚನೆಯಲ್ಲ. ಅಮೆರಿಕದ ಸೇನೆ ತನ್ನ ಭಾರಿ ದಾಸ್ತಾನನ್ನು ಪದೇ ಪದೇ ಎಸೆಯುವ ಖರ್ಚನ್ನು ತಪ್ಪಿಸಲು 1986ರಲ್ಲಿ ಔಷಧ ನಿಯಂತ್ರಣ ಸಂಸ್ಥೆಯ ನೆರವಿನೊಂದಿಗೆ ಅವಧಿ ವಿಸ್ತರಣಾ ಕಾರ್ಯಕ್ರಮವನ್ನು ಆರಂಭಿಸಿತು. 2006ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಪರೀಕ್ಷಿಸಿದ 122 ಔಷಧಗಳ 3,005 ತಯಾರಿಕಾ ತಂಡಗಳಲ್ಲಿ (ಬ್ಯಾಚ್‌ಗಳಲ್ಲಿ) ಶೇ. 88ರಷ್ಟನ್ನು ಮುದ್ರಿತ ದಿನಾಂಕಕ್ಕಿಂತ ಕನಿಷ್ಠ ಒಂದು ವರ್ಷ ಹೆಚ್ಚಿಗೆ ಬಳಸಬಹುದಾಗಿತ್ತು. ವಿಸ್ತರಣೆಯ ಸರಾಸರಿ 66 ತಿಂಗಳು.

ಮನೆ ದಾಸ್ತಾನನ್ನು ಸಮರ್ಥಿಸುವವರು ಈ ಅಂಕಿಯನ್ನು ಮುಂದಿಡುವುದುಂಟು. ಆದರೆ ಪರೀಕ್ಷೆಗೊಳಗಾದದ್ದು ಮೂಲ ಪೊಟ್ಟಣ ಒಡೆಯದ, ನಿಯಂತ್ರಿತ ಹವೆಯಲ್ಲಿಟ್ಟ ಔಷಧ. ಅಲ್ಲದೆ ಒಂದೇ ಔಷಧದ ಒಂದು ತಂಡಕ್ಕೂ ಇನ್ನೊಂದಕ್ಕೂ ಬಾಳಿಕೆಯಲ್ಲಿ ವ್ಯತ್ಯಾಸವಿದ್ದುದರಿಂದ ಪ್ರತಿ ತಂಡವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ವಿಸ್ತರಣೆ ನೀಡಲಾಗಿತ್ತು. ಮಲೆನಾಡಿನ ಮಳೆಗಾಲದ ತೇವದಲ್ಲಿ ಅಥವಾ ರಾಯಚೂರು, ಕಲಬುರಗಿಯ ಬೇಸಿಗೆಯ ಸೆಕೆಯಲ್ಲಿ ಅಡುಗೆಮನೆಯ ಗೂಡಿನಲ್ಲಿಟ್ಟ ಮಾತ್ರೆಗೆ ಆ ಫಲಿತಾಂಶ ಅನ್ವಯಿಸದು. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ದ್ರಾವಣದ ಪುಡಿಗೆ ನೀರು ಬೆರೆಸಿದ ಮೇಲೆ ಅದು ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. 1963ರಲ್ಲಿ, ಕೆಟ್ಟುಹೋದ ಟೆಟ್ರಾಸೈಕ್ಲಿನ್ ಸೇವಿಸಿದವರಲ್ಲಿ ಮೂತ್ರಪಿಂಡದ ಸೂಕ್ಷ್ಮನಾಳಗಳಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾದವು. ಆ ಕಾಲದ ತಯಾರಿಕೆಯಲ್ಲಿ ಬಳಸುತ್ತಿದ್ದ ಸಹಾಯಕ ವಸ್ತುಗಳನ್ನು ನಂತರ ಕೈಬಿಡಲಾಯಿತಾದರೂ, ಆಂಟಿಬಯೋಟಿಕ್ ಕೆಟ್ಟರೆ ಬರಿದೇ ನಿಷ್ಫಲವಾಗುತ್ತದೆ ಎಂಬ ನಂಬಿಕೆ ಎಲ್ಲ ಸಂದರ್ಭದಲ್ಲೂ ನಿಜವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಸಾರ್ವಜನಿಕ ದಾಸ್ತಾನು ಕಾಲವನ್ನು ಗೆಲ್ಲುವುದು ಚಲನೆಯಿಂದ. ಮೊದಲು ಅವಧಿ ಮುಗಿಯುವುದನ್ನು ಮೊದಲು ಹೊರಗೆ ಕಳುಹಿಸಿ, ಆಸ್ಪತ್ರೆಗಳ ನಿತ್ಯದ ಬಳಕೆಯಲ್ಲಿ ಅದನ್ನು ಖರ್ಚು ಮಾಡಿ, ಹೊಸದನ್ನು ಒಳಗೆ ತುಂಬುವ ಆವರ್ತನ ಪದ್ಧತಿಯಲ್ಲಿ ದಾಸ್ತಾನಿನ ಪ್ರಮಾಣ ತಗ್ಗದೆಯೇ ಔಷಧ ಹೊಸದಾಗಿರುತ್ತದೆ. ನಿತ್ಯದ ರೋಗಿಗಳಿಲ್ಲದ ಮನೆಗೆ ಈ ಆವರ್ತನ ಅಸಾಧ್ಯ.

6. ರೋಗ ಯಾವುದೆಂಬ ಪ್ರಶ್ನೆ

ಆಂಟಿಬಯೋಟಿಕ್ ವೈರಸ್ಸಿನ ಮೇಲೆ ಕೆಲಸ ಮಾಡದು. ಮಲೆನಾಡಿನಲ್ಲಿ ಇದರ ಅರ್ಥ ವಿಶೇಷವಾಗಿ ಸ್ಪಷ್ಟವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಉಣ್ಣೆಯ ಕಡಿತದಿಂದ ಹರಡುವ ಮಂಗನ ಕಾಯಿಲೆ ವೈರಸ್ ರೋಗ; ಅದೇ ಸೀಮೆಯಲ್ಲಿ ಕಾಣಿಸಿಕೊಳ್ಳುವ ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್ ಬ್ಯಾಕ್ಟೀರಿಯಾ ರೋಗಗಳಾಗಿದ್ದು ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತವೆ. ಮೂರರಲ್ಲೂ ಆರಂಭದಲ್ಲಿ ಇರುವುದು ಜ್ವರ, ತಲೆನೋವು, ಮೈಕೈ ನೋವು. ಮನೆಯಲ್ಲಿ ಮಾತ್ರೆಯಿದೆ ಎಂಬ ಭರವಸೆಯಲ್ಲಿ ಮಂಗನ ಕಾಯಿಲೆಯ ರೋಗಿ ಎರಡು ಮೂರು ದಿನ ಕಳೆದರೆ, ರಕ್ತಸ್ರಾವದಂತಹ ತೊಡಕುಗಳನ್ನು ಗಮನಿಸಿ ನೋಡಿಕೊಳ್ಳಬೇಕಾದ ಅಮೂಲ್ಯ ಸಮಯ ಜಾರಿಹೋಗುತ್ತದೆ.

ಕೋವಿಡ್ ಕಾಲದ ಅನುಭವ ಇದನ್ನೇ ಜಾಗತಿಕ ಪ್ರಮಾಣದಲ್ಲಿ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಸುಮಾರು ಶೇ. 8 ಮಾತ್ರ, ಆಂಟಿಬಯೋಟಿಕ್ ಪಡೆದವರು ಸುಮಾರು ಶೇ. 75. ಮತ್ತೊಂದು ಕಡೆ, 1918ರ ಇನ್‌ಫ್ಲುಯೆಂಜಾದ ಸಾವುಗಳಲ್ಲಿ ಬಹುಪಾಲು ಆ ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಸಂಭವಿಸಿದವು ಎಂದು ನಂತರದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ವೈರಸ್ ಸಾಂಕ್ರಾಮಿಕಕ್ಕೂ ಆಂಟಿಬಯೋಟಿಕ್ ದಾಸ್ತಾನು ಬೇಕೆಂಬ ಮಾತಿನಲ್ಲಿ ಹುರುಳಿದೆ. ಬೇಕಾದವರು ಯಾರೆಂದು ಗುರುತಿಸುವ ಪ್ರಯೋಗಾಲಯ ಮತ್ತು ವೈದ್ಯರಿಲ್ಲದೆ ಆ ದಾಸ್ತಾನು ಕುರುಡಾಗುತ್ತದೆ.

ಅನಗತ್ಯ ಬಳಕೆಗೆ ತೆರಬೇಕಾದ ಬೆಲೆ ಚಿಕ್ಕದಲ್ಲ. 2019ರಲ್ಲಿ ಔಷಧ ಪ್ರತಿರೋಧವೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿ, ಪಟ್ಟಿ ಮಾಡಿದ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದೂ, ವೈದ್ಯರ, ರೋಗಿಯ ಮತ್ತು ಔಷಧದ ವಿವರಗಳನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದು ಮೂರು ವರ್ಷ ಉಳಿಸಬೇಕೆಂದೂ ವಿಧಿಸಿರುವುದು ಈ ಹಿನ್ನೆಲೆಯಲ್ಲೇ.

7. ತಯಾರಿಕೆಯೆಂಬ ದಾಸ್ತಾನು

2022ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಮುಂತಾದ ಶ್ರೀಮಂತ ದೇಶಗಳಲ್ಲೇ ಮಕ್ಕಳ ಅಮಾಕ್ಸಿಸಿಲಿನ್‌ಗೆ ಅಭಾವ ತಲೆದೋರಿತು. ಗೋದಾಮಿನಲ್ಲಿ ಎಷ್ಟಿದೆ ಎಂಬುದರಷ್ಟೇ, ಕಾರ್ಖಾನೆ ಎಷ್ಟು ಬೇಗ ಮತ್ತೆ ತುಂಬಬಲ್ಲದು ಎಂಬುದೂ ಮುಖ್ಯವೆಂದು ಅದು ತೋರಿಸಿತು. ಸ್ವಾತಂತ್ರ್ಯಾನಂತರ ಭಾರತ ಈ ಸತ್ಯವನ್ನು ಬೇಗನೆ ಗ್ರಹಿಸಿತ್ತು: 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು, ಅದರ ಮತ್ತು ಕರ್ನಾಟಕ ಸರ್ಕಾರದ ಜಂಟಿ ಉದ್ಯಮವಾಗಿ 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಹುಟ್ಟಿತು. ಆದರೆ ಮುಂದಿನ ದಶಕಗಳಲ್ಲಿ ಪೆನಿಸಿಲಿನ್ ಗುಂಪಿನ ಔಷಧಗಳ ಮೂಲವಸ್ತುವಾದ ಪೆನಿಸಿಲಿನ್-ಜಿ ಚೀನಾದಿಂದ ಅಗ್ಗವಾಗಿ ಬರತೊಡಗಿ ದೇಶೀಯ ಹುದುಗುವಿಕೆ ಘಟಕಗಳು ಮುಚ್ಚಿದವು. ಮಾತ್ರೆ ಕಟ್ಟುವ ಕೆಲಸ ಇಲ್ಲಿ, ಅದರ ಒಳಗಿನ ಔಷಧವಸ್ತು ಹೊರಗಿನದು ಎಂಬ ಸ್ಥಿತಿಯನ್ನು ಬದಲಿಸಲು ಕೇಂದ್ರ ಸರ್ಕಾರ 2020ರಲ್ಲಿ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯನ್ನು ಪ್ರಕಟಿಸಿತು. ಅದರಡಿ ಆಂಧ್ರಪ್ರದೇಶದ ಕಾಕಿನಾಡದ ಬಳಿ ಪೆನಿಸಿಲಿನ್-ಜಿ ಘಟಕ ಎದ್ದಿದೆ.

8. ಹತ್ತಿರದ ದಾಸ್ತಾನು, ತರಬೇತಾದ ಕೈ

ಕೇಂದ್ರೀಕೃತ ಗೋದಾಮು ದೂರ, ಮನೆಯ ಕಪಾಟು ಅಪಾಯ ಎಂದಾದರೆ ನಡುವಣ ದಾರಿ ಯಾವುದು ಎಂಬುದಕ್ಕೆ ಭಾರತದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಲ್ಲೇ ಎರಡು ಮಾದರಿಗಳಿವೆ. ಎಳೆಯ ಶಿಶುವಿಗೆ ನಂಜು ತಗಲಿ, ಆಸ್ಪತ್ರೆಗೆ ಕರೆದೊಯ್ಯುವುದು ಸಾಧ್ಯವಾಗದಿದ್ದಾಗ, ಉಪಕೇಂದ್ರದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯೇ ಜೆಂಟಾಮೈಸಿನ್ ಚುಚ್ಚುಮದ್ದು ಮತ್ತು ಅಮಾಕ್ಸಿಸಿಲಿನ್ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರ ಮಾರ್ಗಸೂಚಿಯಲ್ಲಿ ಅನುಮತಿಸಿತು. 2018ರ ಆಗಸ್ಟ್‌ನ ಮಹಾಪೂರದ ಬಳಿಕ ಕೇರಳ ಸರ್ಕಾರ ಕೆಸರುನೀರಿನಲ್ಲಿ ಶುಚಿ ಕೆಲಸಕ್ಕಿಳಿದವರಿಗೆ ಇಲಿಜ್ವರ ತಡೆಯಲು ವಾರಕ್ಕೊಮ್ಮೆ ಸೇವಿಸುವ ಡಾಕ್ಸಿಸೈಕ್ಲಿನ್ ಅನ್ನು ಆರೋಗ್ಯ ಕಾರ್ಯಕರ್ತರ ಮೂಲಕ ಹಂಚಿತು. ಎರಡರಲ್ಲೂ ಔಷಧ ಜನರ ಹತ್ತಿರವೇ ಇದೆ; ಆದರೆ ಅದನ್ನು ಕೊಡುವವರು ತರಬೇತಿ ಪಡೆದವರು, ಯಾರಿಗೆ ಕೊಡಬೇಕೆಂಬ ಗೆರೆ ಸ್ಪಷ್ಟ, ಅವಧಿ ಮಿತ.

ಪ್ರತಿ ಜಿಲ್ಲೆಯ ಔಷಧ ಉಗ್ರಾಣದಲ್ಲಿ ಆ ಜಿಲ್ಲೆಯ ರೋಗಚರಿತ್ರೆಗೆ ತಕ್ಕ ಆಂಟಿಬಯೋಟಿಕ್‌ಗಳು, ಅಂದರೆ ಕರಾವಳಿ ಮತ್ತು ಮಲೆನಾಡಿಗೆ ಡಾಕ್ಸಿಸೈಕ್ಲಿನ್, ಎಲ್ಲೆಡೆ ಮಕ್ಕಳ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್, ನಿತ್ಯದ ಬಳಕೆಯೊಂದಿಗೆ ಆವರ್ತನಗೊಳ್ಳುತ್ತ ಇರಬೇಕು. ಅಲ್ಲಿ ಏನಿದೆ, ಎಷ್ಟು ದಿನಕ್ಕೆ ಸಾಕು ಎಂಬ ವಿವರ ಸಾರ್ವಜನಿಕರಿಗೆ ತಿಳಿದಿರಬೇಕು. ನೆರೆ ಬಂದಾಗ ಯಾವ ಉಪಕೇಂದ್ರಕ್ಕೆ ಯಾರು ಔಷಧ ಒಯ್ಯುತ್ತಾರೆ ಎಂಬುದು ಮಳೆಗಾಲಕ್ಕೆ ಮೊದಲೇ ನಿಶ್ಚಯವಾಗಿರಬೇಕು. ಮನೆಯ ಮಟ್ಟದ ಸಿದ್ಧತೆಗೆ ಸಲ್ಲುವ ವಸ್ತುಗಳು ಬೇರೆ ಇವೆ: ಜೀವಜಲದ ಪೊಟ್ಟಣ, ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ, ಗಾಯಕ್ಕೆ ಶುದ್ಧ ಬಟ್ಟೆ, ರಕ್ತದೊತ್ತಡ ಮತ್ತು ಮಧುಮೇಹದವರಿಗೆ ವೈದ್ಯರು ಈಗಾಗಲೇ ಬರೆದುಕೊಟ್ಟ ಔಷಧದ ಕೆಲವು ವಾರಗಳ ಹೆಚ್ಚುವರಿ. ಇವನ್ನು ಬಳಸಲು ರೋಗನಿರ್ಣಯ ಬೇಕಿಲ್ಲ, ಒಬ್ಬರ ಬಳಕೆಯಿಂದ ಇನ್ನೊಬ್ಬರ ಔಷಧ ಬಲಗುಂದುವುದೂ ಇಲ್ಲ.

ಸೂರತ್‌ನ ಜನ ಅಂಗಡಿಗೆ ಓಡಿದ್ದು ಟೆಟ್ರಾಸೈಕ್ಲಿನ್ ಮೇಲಿನ ಮೋಹದಿಂದಲ್ಲ, ಅದು ಸಮಯಕ್ಕೆ ತಮಗೆ ತಲುಪೀತೆಂಬ ಭರವಸೆ ಇಲ್ಲದ್ದರಿಂದ. ಮನೆಯಲ್ಲಿ ಸಂಗ್ರಹಿಸಬೇಡಿ ಎಂದು ಹೇಳುವ ಸರ್ಕಾರಕ್ಕೆ ಆ ಮಾತಿನ ಹಕ್ಕು ದೊರೆಯುವುದು, ತನ್ನ ಉಗ್ರಾಣದ ಲೆಕ್ಕವನ್ನು ತೆರೆದಿಟ್ಟು, ಬೇಕಾದ ದಿನ ಬೇಕಾದವರಿಗೆ ಔಷಧವನ್ನು ಮುಟ್ಟಿಸಿ ತೋರಿಸಿದಾಗ ಮಾತ್ರ.